ಬೆನಕಪ್ಪನವರ ಖಾಲಿ ಗದ್ದುಗೆ

ಬದುಕಿರುವಾಗಲೇ ತನ್ನ ಸಮಾಧಿಗೆ ತಾನೇ ಸುಣ್ಣ ಹೊಡೆಯುವ ಗಂಡಸು ಯಗಟಿ ಸುತ್ತಿನಲ್ಲಿ ಬೆನಕಪ್ಪನವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಊರವರು ಬಿದ್ದು ಬಿದ್ದು ನಗುತ್ತಿದ್ದರು. ನಗುವವರ ಬಾಯನ್ನು ಬೆನಕಪ್ಪ ಒಂದೇ ಪ್ರಶ್ನೆಯಲ್ಲಿ ಮುಚ್ಚಿಸುತ್ತಿದ್ದರು: “ನಿಮ್ಮಪ್ಪನ ಸಮಾಧಿ ಮೇಲೆ ಎಕ್ಕದ ಗಿಡ ಎಷ್ಟುದ್ದ ಬೆಳ್ದೈತೆ ಅಂತ ಹೋಗ್ ನೋಡಿದ್ದೀಯೇನಪ್ಪಾ?” ಸತ್ತವರನ್ನು ಮಣ್ಣಿಗಿಟ್ಟು, ತಿಥಿಯ ಹೋಳಿಗೆ ಉಂಡು, ಮತ್ತೆ ಆ ಕಡೆ ತಲೆ ಹಾಕಿಯೂ ಮಲಗದ ಜನವೇ ಎಲ್ಲ ಊರಿನಲ್ಲೂ ಹೆಚ್ಚು.

ಹಾಗೆಂದು ಬೆನಕಪ್ಪನವರಿಗೇನೂ ಸಾವಿನ ಹುಚ್ಚು ಹಿಡಿದಿರಲಿಲ್ಲ. ಹೆಂಡತಿ ಮಲ್ಲಿಕಾಂಬ ಎಪ್ಪತ್ತೆರಡನೇ ಇಸವಿಯ ಮಾಗಿಯಲ್ಲಿ ತೀರಿಕೊಂಡಾಗ, ಪಂಚನಹಳ್ಳಿಗೆ ಹೋಗುವ ಬಸ್ಸಿನ ರಸ್ತೆಯ ಪಕ್ಕದ ತಮ್ಮ ತೆಂಗಿನ ತೋಟದಲ್ಲೇ ಅವಳನ್ನು ಮಣ್ಣು ಮಾಡಿದ್ದರು. ಮರುವರ್ಷ ಬೆನಕಪ್ಪನವರಿಗೇ ವಿಷಮಶೀತ ಜ್ವರ ಬಂತು. ಇನ್ನು ತನ್ನ ಕಥೆ ಮುಗಿಯಿತೆಂದುಕೊಂಡು, ತರೀಕೆರೆ ಕಡೆಯಿಂದ ಕಲ್ಲುಕುಟಿಗರನ್ನು ಕರೆಸಿ, ಹೆಂಡತಿಯ ಪಕ್ಕದಲ್ಲಿ ತಮಗೊಂದು ಗದ್ದುಗೆ ಕಟ್ಟಿಸಿದರು. ಕೆಳಗೆ ಕಲ್ಲು ಹಾಸಿದ ಗೂಡು, ಮೇಲೆ ನಯವಾದ ಕಟ್ಟೆ, ಹಿಂಬದಿಗೆ ಒಂದು ಚಪ್ಪಡಿ. ಅದನ್ನು ಸರಿಸಿದರೆ ಮನುಷ್ಯ ಇಳಿಯುವಷ್ಟು ಬಾಯಿ. ಕಟ್ಟಡ ಮುಗಿಯಿತು, ಜ್ವರ ಬಿಟ್ಟಿತು. ಬೆನಕಪ್ಪ ಎದ್ದು ಎರಡು ಹೊತ್ತೂ ಮುದ್ದೆ ಉಣ್ಣತೊಡಗಿದರು. ಗದ್ದುಗೆ ಖಾಲಿ ಉಳಿಯಿತು.

ಕಲ್ಲುಕುಟಿಗರು ಮೇಲೆ ಕೂರಿಸುವ ಲಿಂಗವನ್ನೂ ಒಟ್ಟಿಗೇ ಕೆತ್ತಿಕೊಟ್ಟು ಹೋಗಿದ್ದರು. ಮನುಷ್ಯ ಸತ್ತ ಮೇಲೆ ಇಡಬೇಕಾದದ್ದು ಅದು. ಅಲ್ಲಿಯವರೆಗೆ ಮನೆಯಲ್ಲಿರಲಿ ಎಂದು ಗಾಡಿಯಲ್ಲಿ ತಂದರೆ, ಜಯಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳು ತಮ್ಮನ ಮಗ ಚಂದ್ರಶೇಖರನ ಹೆಂಡತಿ. ಮಕ್ಕಳಿಲ್ಲದ ಬೆನಕಪ್ಪ ಇದ್ದುದು ಅವರ ಜೊತೆಗೇ.

“ಸಮಾಧಿ ಕಲ್ಲು ಹೊಸಲು ದಾಟಿದ್ರೆ ನಾನು ತೌರಿಗೆ ಹೋಗ್ತೀನಿ ಮಾವ. ಆಮೇಲೆ ಮುದ್ದೆ ನೀವೇ ತಿರುವ್ಕಳಿ.”

ಮುದ್ದೆ ತಿರುವಲು ಬಾರದ ಬೆನಕಪ್ಪ ಗಾಡಿಯನ್ನು ತೋಟಕ್ಕೆ ತಿರುಗಿಸಿ, ಲಿಂಗವನ್ನು ಖಾಲಿ ಗದ್ದುಗೆಯ ಮೇಲೇ ಕೂರಿಸಿ ಬಂದರು.

ರಸ್ತೆಯ ಕಡೆಗೆ ಇದ್ದುದು ಅವರದು, ಅದರ ಹಿಂದೆ ಮಲ್ಲಿಕಾಂಬಳದು. ಬೇಕೆಂದೇ ಹಾಗೆ ಕಟ್ಟಿಸಿದ್ದರು. ಬಸ್ಸು ಲಾರಿಗಳ ಧೂಳೆಲ್ಲ ಮೊದಲು ತಮಗೆ ಬಡಿಯಲಿ, ಅವಳನ್ನು ಮುಟ್ಟದಿರಲಿ ಎಂದು. ಧೂಳೆಂದರೆ ಅವಳಿಗೆ ಆಗುತ್ತಿರಲಿಲ್ಲ. ಬದುಕಿದ್ದಾಗ ಗಂಡ ಹೊಲದಿಂದ ಬಂದು ಕಾಲು ತೊಳೆಯದೆ ನಡುಮನೆಗೆ ಕಾಲಿಟ್ಟರೆ ಅವತ್ತು ಅವರಿಗೆ ಸಾರಿನ ಜೊತೆ ಬೈಗುಳವೂ ಬಡಿಸಿರುತ್ತಿತ್ತು.

ಪ್ರತಿ ಸೋಮವಾರ ಬೆನಕಪ್ಪ ತೋಟಕ್ಕೆ ಹೋಗಿ ಮೊದಲು ಅವಳ ಸಮಾಧಿ, ಆಮೇಲೆ ತಮ್ಮದು ತೊಳೆಯುತ್ತಿದ್ದರು. ಮಳೆಗಾಲದ ಪಾಚಿಗೆ ತೆಂಗಿನ ನಾರು, ಹಕ್ಕಿ ಹಿಕ್ಕೆಗೆ ಅಂಟುವಾಳದ ನೊರೆ, ಕಲ್ಲಿನ ಸಂದಿಯ ಗರಿಕೆಗೆ ಕುಡುಗೋಲಿನ ತುದಿ. ವರ್ಷಕ್ಕೆರಡು ಸಲ ಸುಣ್ಣ. ಸುಣ್ಣದ ಮಡಕೆ, ನಾರು, ಪೊರಕೆ ಎಲ್ಲ ಇಡಲು ಬೇರೆ ಗೂಡು ಹುಡುಕುವುದೇಕೆ ಎಂದು, ಚಪ್ಪಡಿ ಸರಿಸಿ ಖಾಲಿ ಗದ್ದುಗೆಯೊಳಗೇ ಇಡುತ್ತಿದ್ದರು. ತೊಳೆಯುತ್ತ ಹೆಂಡತಿಗೆ ಊರಿನ ಸುದ್ದಿ ಹೇಳುವರು: ಕೊಬ್ಬರಿಯ ಧಾರಣೆ, ಯಾರ ಹಸು ಈಯಿತು, ಸೊಸೆ ಸಾರಿಗೆ ಉಪ್ಪು ಮರೆತದ್ದು. ಅವರಿಗೆ ಅದು ವಾರದ ಅತ್ಯಂತ ಸುಖದ ಹೊತ್ತು. ಇಬ್ಬರೂ ಹೀಗೇ ಅಕ್ಕಪಕ್ಕ ಇದ್ದುಬಿಟ್ಟರೆ ಸಾಕು, ಬೇರೇನೂ ಬೇಡ ಎಂದುಕೊಂಡಿದ್ದರು.

ಹೀಗಿರುವಾಗ ಎಂಬತ್ತರ ಸುಗ್ಗಿಯಲ್ಲಿ ಕಡೂರಿನ ಕೊಬ್ಬರಿ ಮಂಡಿಯ ಷಣ್ಮುಖಪ್ಪನವರ ಲಾರಿಗೆ ಬ್ರೇಕು ಹೋಯಿತು. ಲಾರಿಯಲ್ಲಿ ಕೊಬ್ಬರಿಯ ಮೂಟೆಗಳ ಜೊತೆ ಷಣ್ಮುಖಪ್ಪನವರೂ ಇದ್ದರು. ಇಳಿಜಾರಿನಲ್ಲಿ ಓಡಿದ ಲಾರಿ ತೋಟದ ಬದು ಹತ್ತಿ, ಗದ್ದುಗೆಗೆ ಒಂದು ಮಾರು ದೂರದಲ್ಲಿ ನಿಂತಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೇ. ಕಣ್ಣು ಬಿಟ್ಟ ಷಣ್ಮುಖಪ್ಪನವರಿಗೆ ಎದುರಿಗೆ ಕಂಡದ್ದು ಹಾಲಿನಂಥ ಕಟ್ಟೆ, ವಿಭೂತಿ ಬಳಿದ ಲಿಂಗ, ಅವತ್ತೇ ಇಟ್ಟ ಕಣಗಿಲೆ ಹೂವು. ಊರೂರು ತಿರುಗಿದ ವ್ಯಾಪಾರಿ. ಮನೆ ಮಂದಿಯ ಸಮಾಧಿಗಳು ಹೇಗಿರುತ್ತವೆಂದು ಅವರಿಗೆ ಗೊತ್ತಿತ್ತು. ಇಷ್ಟು ಚೊಕ್ಕಟವಾಗಿ ಇಟ್ಟಿದ್ದಾರೆಂದರೆ ಇದು ಯಾರೋ ಮಹಾಸ್ವಾಮಿಗಳದೇ ಸೈ ಎಂದು ಅಲ್ಲೇ ಉದ್ದಂಡ ಬಿದ್ದರು.

ಅಲ್ಲಿಂದ ಶುರುವಾಯಿತು ನೋಡಿ. ಲಾರಿಯವರು ನಿಲ್ಲಿಸಿ ಕಾಯಿ ಒಡೆದರು. ಬಸ್ಸಿನವರು ಕಿಟಕಿಯಿಂದ ಕೈ ಮುಗಿದರು. ಕಂಡಕ್ಟರು “ಗದ್ದುಗೆ ಸ್ಟಾಪ್” ಎಂದು ಕೂಗತೊಡಗಿದ. ಜನ ಮರುಳೋ ಜಾತ್ರೆ ಮರುಳೋ! ಊರವರಿಗೆಲ್ಲ ನಿಜ ಗೊತ್ತಿತ್ತು, ಆದರೆ ಪುಕ್ಕಟೆ ಸಿಕ್ಕ ತಮಾಷೆಯನ್ನು ಯಾರು ಕೆಡಿಸುತ್ತಾರೆ? ಹೋಟೆಲಿನಲ್ಲಿ ಕೂತವರು ಬೆನಕಪ್ಪನವರನ್ನು ಕಂಡರೆ ಎದ್ದು ನಿಂತು, “ಬರ್ಬೇಕು ಸ್ವಾಮಿಗಳು, ಇವತ್ತು ಎದ್ದು ಬಂದ್ಬಿಟ್ರಾ?” ಎನ್ನುತ್ತಿದ್ದರು.

ಬೆನಕಪ್ಪ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಯಾರ ಗದ್ದುಗೆ ಎಂದು ಕೇಳಿದರೆ “ನಮ್ಮ ಮನೇವ್ರದೇ ಕಣ್ರೀ” ಎನ್ನುವರು. ಜನ ಕೈ ಮುಗಿದರೆ ತಮಗೇನು ನಷ್ಟ? ಸಿಟ್ಟು ಬರುತ್ತಿದ್ದುದು ಬೇರೆ ಕಾರಣಕ್ಕೆ. ಭಕ್ತರೆಂಬುವರು ಎಣ್ಣೆ ಸುರಿದು, ಕರ್ಪೂರದ ಮಸಿ ಹತ್ತಿಸಿ, ಕುಂಕುಮ ಚೆಲ್ಲಿ ಕಟ್ಟೆಯನ್ನು ಗಬ್ಬೆಬ್ಬಿಸುತ್ತಿದ್ದರು. “ಭಕ್ತಿ ಇರೋರು ಒಂದು ಬಟ್ಟೆ ತರಕ್ಕಾಗಲ್ವಾ!” ಎಂದು ಗೊಣಗುತ್ತ ಅವರು ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ಉಜ್ಜಿದಷ್ಟೂ ಕಟ್ಟೆ ಹೊಳೆಯಿತು, ಹೊಳೆದಷ್ಟೂ ಭಕ್ತರು ಹೆಚ್ಚಿದರು.

ಬಂದವರಲ್ಲಿ ಒಬ್ಬಳು ಶಕುಂತಲಮ್ಮ. ಸಖರಾಯಪಟ್ಟಣದ ಸೊಸೆ, ಪಂಚನಹಳ್ಳಿಯ ಮಗಳು. ತೌರಿಗೆ ಹೋಗುವ ಬಸ್ಸಿನಿಂದ ಒಂದು ದಿನ ಒಬ್ಬಳೇ ಇಳಿದು, ತೊಳೆಯುತ್ತಿದ್ದ ಬೆನಕಪ್ಪನವರನ್ನು ಕೇಳಿದಳು.

“ಅಜ್ಜ, ಈ ಸ್ವಾಮಿ ಕೇಳಿದ್ದು ಕೊಡ್ತಾರಂತೆ, ಹೌದಾ? ಮದ್ವೆಯಾಗಿ ಎಂಟು ವರ್ಷ ಆಯ್ತು. ಮನೇಲಿ ಬೇರೆ ಹೆಣ್ಣು ನೋಡ್ತಾವ್ರೆ.”

ಒಳಗೆ ಪೊರಕೆ ಮತ್ತು ಮಡಕೆ ಬಿಟ್ಟರೆ ಯಾರೂ ಇಲ್ಲವೆಂಬ ಮಾತು ಬೆನಕಪ್ಪನವರ ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡರು. ಆ ಮುಖವನ್ನು ಅವರು ತಮ್ಮ ಮನೆಯಲ್ಲೇ ಇಪ್ಪತ್ತು ವರ್ಷ ನೋಡಿದ್ದರು. ಅಜ್ಜಂಪುರದ ನಂಟರ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಾದರೆ ಊರಿಗೆಲ್ಲ ಕರೆ ಬರುತ್ತಿತ್ತು, ಮಲ್ಲಿಕಾಂಬಳಿಗೆ ಬರುತ್ತಿರಲಿಲ್ಲ. ಕರೆಯದಿದ್ದರೂ ಅವಳಾಗಿ ಹೋದರೆ ಬಾಣಂತಿ ಮಗುವಿಗೆ ಸೆರಗು ಮುಚ್ಚುತ್ತಿದ್ದಳು. ಆಮೇಲೆ ಮಲ್ಲಿಕಾಂಬ ಹೋಗುವುದನ್ನೇ ಬಿಟ್ಟಳು.

“ಕೇಳಿ ನೋಡವ್ವ,” ಎಂದಷ್ಟೇ ಹೇಳಿ ಅವರು ದೂರ ಹೋದರು. ಬಿಸಿಲಿತ್ತು. ಶಕುಂತಲಮ್ಮ ಎರಡು ಕಟ್ಟೆಗಳ ನಡುವಿನ ನೆರಳಿನಲ್ಲಿ ಮುಂದಿನ ಬಸ್ಸು ಬರುವವರೆಗೆ ಕೂತು ಎದ್ದು ಹೋದಳು.

ಎಂಬತ್ತಮೂರರ ಶ್ರಾವಣದಲ್ಲಿ ಷಣ್ಮುಖಪ್ಪ ಒಂದು ಸುದ್ದಿ ತಂದರು. ಅವರ ವ್ಯಾಪಾರ ಏರಿತ್ತು; ಸ್ವಾಮಿಗಳಿಗೆ ನಾಲ್ಕು ಕಂಬದ ಮಂಟಪ ಕಟ್ಟಿಸುವುದಾಗಿ ಹರಕೆ ಹೊತ್ತಿದ್ದರು. ನಿಂತ ಕಾಲಿನಲ್ಲೇ ಅಳತೆ ತೋರಿಸಿದರು.

“ಹಿಂದುಗಡೆ ಎರಡು ಕಂಬ ಇಲ್ಲಿಗೆ ಬತ್ತವೆ ನೋಡಿ. ಈ ಹಳೇ ಸಮಾಧಿ ಒಂದು ಅಡ್ಡ ಆಗ್ತೈತೆ. ಅಯ್ನೋರ ಕೈಲಿ ಶಾಸ್ತ್ರ ಮಾಡ್ಸಿ ಮೂಲೇಗೆ ಎತ್ತಿ ಇಟ್ರಾಯ್ತು. ಸೋಮವಾರ ಮೇಸ್ತ್ರಿ ಕರ್ಕೊಂಡ್ ಬತ್ತೀನಿ.”

ಬೆನಕಪ್ಪ ತಲೆ ತಗ್ಗಿಸಿ ಹೆಂಡತಿಯ ಸಮಾಧಿಯನ್ನೇ ನೋಡುತ್ತ ನಿಂತುಬಿಟ್ಟರು. ಷಣ್ಮುಖಪ್ಪ ಅದನ್ನೇ ಒಪ್ಪಿಗೆಯೆಂದುಕೊಂಡು ಲಾರಿ ಹತ್ತಿದರು.

ಆ ವಾರ ಬೆನಕಪ್ಪನವರಿಗೆ ಊಟ ಸೇರಲಿಲ್ಲ. ಧೂಳು ತಾಗದಿರಲೆಂದು ಕಾಪಾಡಿದವಳನ್ನು ತಾನೇ ಅಗೆಸಿ ಹಾಕಿದಂತಾಗುತ್ತದೆ. ಅದೂ ಯಾರಿಗಾಗಿ? ತನ್ನ ಖಾಲಿ ಕಟ್ಟೆಗಾಗಿ! ನಿಜ ಹೇಳಿದರೆ ತಾನು ನಗೆಪಾಟಲಾಗುವುದಿರಲಿ, ನಂಬಿ ಬಂದವರ ಗತಿಯೇನು? ಆ ಸಖರಾಯಪಟ್ಟಣದ ಹೆಣ್ಣಿಗೆ ಮಗುವಾಗಿದೆಯೆಂದು ಕಂಡಕ್ಟರು ಹೇಳಿದ್ದ. ಜಯಲಕ್ಷ್ಮಮ್ಮ ತಟ್ಟೆಯಲ್ಲಿ ಮುರಿಯದೆ ಉಳಿದ ಮುದ್ದೆ ನೋಡಿ ಬೇಸತ್ತಳು.

“ಇಲ್ದೇ ಇರೋ ಸ್ವಾಮಿಗೆ ಇದ್ದ ಅತ್ತೇನ ಎಬ್ಬಿಸ್ತೀರಾ? ಹೇಳಿಬಿಡಿ ಮಾವ. ನಗೋರು ನಗ್ಲಿ.”

ಸೋಮವಾರ ಬೆಳಿಗ್ಗೆ ಬೆನಕಪ್ಪ ತೋಟಕ್ಕೆ ಹೋಗಿ, ಮಲ್ಲಿಕಾಂಬಳ ಸಮಾಧಿಯನ್ನು ಎಂದಿಗಿಂತ ನಿಧಾನವಾಗಿ ತೊಳೆದು, ಕಾಲವಲ್ಲದ ಕಾಲದಲ್ಲಿ ಸುಣ್ಣವನ್ನೂ ಹೊಡೆದರು. ಸುಣ್ಣ ಆರುವ ಹೊತ್ತಿಗೆ ಷಣ್ಮುಖಪ್ಪ, ಮೇಸ್ತ್ರಿ, ದಾರ, ಗುದ್ದಲಿ ಎಲ್ಲ ಬಂದವು. ತಮಾಷೆ ನೋಡಲು ಊರವರೂ, ನೀರಿನ ಕೊಡ ಹೊತ್ತು ಜಯಲಕ್ಷ್ಮಮ್ಮನೂ ಬಂದರು. ಬಸ್ಸಿನಿಂದ ಶಕುಂತಲಮ್ಮ ಇಳಿದಳು. ಕಂಕುಳಲ್ಲಿ ಐದಾರು ತಿಂಗಳ ಹೆಣ್ಣುಕೂಸು, ಕೈಯಲ್ಲಿ ಹರಕೆಯ ಕಾಯಿ.

ಮೇಸ್ತ್ರಿ ಹಳೆಯ ಸಮಾಧಿಯ ಮೇಲೆ ದಾರ ಎಳೆಯುತ್ತಿದ್ದಂತೆ ಬೆನಕಪ್ಪ ಅಡ್ಡ ಬಂದು ನಿಂತರು.

“ನಿಲ್ಸಪ್ಪಾ. ಇದ್ರಲ್ಲಿ ನನ್ನ ಹೆಂಡ್ತಿ ಅವ್ಳೆ. ಅದ್ರಲ್ಲಿ ಯಾರೂ ಇಲ್ಲ. ಅದು ನಂದು.”

“ನಿಮ್ದು ಅಂದ್ರೆ?” ಷಣ್ಮುಖಪ್ಪ ಹುಬ್ಬೇರಿಸಿದರು.

“ನಾನು ಸತ್ತ ಮೇಲೆ ಕೂರಕ್ಕೆ ಕಟ್ಸಿರೋದು. ಇನ್ನೂ ಸತ್ತಿಲ್ಲ, ಏನ್ಮಾಡ್ಲಿ!”

ಷಣ್ಮುಖಪ್ಪ ನಂಬಲಿಲ್ಲ. ಮುದುಕರಿಗೆ ಅರಳುಮರಳು ಎಂದು ಮೇಸ್ತ್ರಿಗೆ ಕಣ್ಸನ್ನೆ ಮಾಡಿದರು. ಬೆನಕಪ್ಪ ಇನ್ನು ಮಾತು ಬೆಳೆಸಲಿಲ್ಲ. ಹಿಂಬದಿಗೆ ಹೋಗಿ, ಎರಡೂ ಕೈ ಕೊಟ್ಟು ಚಪ್ಪಡಿ ಸರಿಸಿದರು. ಜನ “ಶಿವಶಿವಾ” ಎಂದು ಹಿಂದಕ್ಕೆ ಸರಿದರು. ಅವರು ಒಳಗೆ ಬಗ್ಗಿ ಒಂದೊಂದಾಗಿ ಹೊರಗಿಟ್ಟರು: ಸುಣ್ಣದ ಮಡಕೆ, ಮೋಟು ಪೊರಕೆ, ನಾರಿನ ಉಂಡೆ, ಅಂಟುವಾಳದ ಚೀಲ. ಕೊನೆಗೆ ಅವರು ಬೇಡವೆಂದುಕೊಂಡರೂ ಚೀಲದ ಜೊತೆ ಒಂದು ಬೀಡಿಕಟ್ಟು, ಬೆಂಕಿಪೊಟ್ಟಣ ಉರುಳಿ ಬಂದವು.

“ಡಾಕ್ಟ್ರು ಬಿಡು ಅಂದಿದ್ದನ್ನ ಸ್ವಾಮಿ ಹೊಟ್ಟೇಲಿ ಇಟ್ಕೊಂಡಿದ್ರಾ!” ಎಂದು ಜಯಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟಳು. ಊರಿಗೆ ಊರೇ ಗೊಳ್ಳೆಂದು ನಕ್ಕಿತು. ಮೇಸ್ತ್ರಿಯೂ ನಕ್ಕ.

ನಗದೆ ನಿಂತವರು ಇಬ್ಬರೇ. ಷಣ್ಮುಖಪ್ಪ ಪೆಚ್ಚಾಗಿ, “ಹಂಗಾದ್ರೆ ನನ್ ಲಾರಿ ನಿಲ್ಸಿದ್ದು ಯಾರು?” ಎಂದರು. ಇನ್ನೊಬ್ಬಳು ಶಕುಂತಲಮ್ಮ. ಅವಳು ಕಾಯಿ ಹಿಡಿದುಕೊಂಡು ಖಾಲಿ ಗೂಡನ್ನೇ ನೋಡುತ್ತಿದ್ದಳು. ಬೆನಕಪ್ಪನವರಿಗೆ ಅವಳ ಕಡೆ ತಲೆಯೆತ್ತಲಾಗಲಿಲ್ಲ. ಅವತ್ತೇ ಹೇಳಿದ್ದರೆ ಅವಳು ಬೇರೆ ದೇವರನ್ನಾದರೂ ಹುಡುಕಿಕೊಳ್ಳುತ್ತಿದ್ದಳು ಎಂದು ತಮ್ಮನ್ನೇ ಹಳಿದುಕೊಂಡರು.

ಶಕುಂತಲಮ್ಮ ಖಾಲಿ ಗದ್ದುಗೆಯನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ, ಮಲ್ಲಿಕಾಂಬಳ ಸಮಾಧಿಯ ಮುಂದೆ ಕಾಯಿ ಇಟ್ಟಳು. ಮಗುವನ್ನು ಕಂಕುಳಿಂದ ಇಳಿಸತೊಡಗಿದಳು.

ಬೆನಕಪ್ಪನವರಿಗೆ ಗಾಬರಿಯಾಯಿತು. ತಿಳಿಯದೆ ಮಾಡುತ್ತಿದ್ದಾಳೆ, ಆಮೇಲೆ ತಿಳಿದರೆ ನೊಂದುಕೊಂಡಾಳು. ಇನ್ನೊಂದು ಸಲ ನಿಜ ಮುಚ್ಚಿಡಲು ಅವರಿಗೆ ಮನಸ್ಸು ಬರಲಿಲ್ಲ.

“ತಾಳವ್ವ,” ಎಂದರು. “ಅವಳ್ಗೆ ಮಕ್ಳಿರ್ಲಿಲ್ಲ. ಜನ ಎಳೇಕೂಸನ್ನ ಅವಳ ಕೈಗೆ ಕೊಡ್ತಿರ್ಲಿಲ್ಲ.”

ಶಕುಂತಲಮ್ಮ ತಿರುಗಿ ನೋಡಿದಳು.

“ಅದಕ್ಕೇ ಇರ್ಬೇಕು ಅಜ್ಜ. ನನ್ ಕಷ್ಟ ಇವ್ರಿಗಲ್ದೆ ಇನ್ಯಾರಿಗೆ ಗೊತ್ತಾಯ್ತದೆ?”

ಹಾಗೆಂದವಳೇ ಮಗುವನ್ನು ಹೊಸ ಸುಣ್ಣದ ಕಟ್ಟೆಯ ನಟ್ಟನಡುವೆ ಅಂಗಾತ ಮಲಗಿಸಿ, ಕೈ ಮುಗಿದಳು. ಕೂಸು ಕಾಲು ಬಡಿಯಿತು, ತೆಂಗಿನ ಗರಿ ನೋಡಿ ಕೇಕೆ ಹಾಕಿತು, ಆಮೇಲೆ ಸುಮ್ಮನಾಗಿ ನಿರಾಳವಾಗಿ ಉಚ್ಚೆ ಹೊಯ್ಯಿತು. ಬಿಳಿಯ ಕಟ್ಟೆಯ ಮೇಲೆ ಅದು ಸಣ್ಣಗೆ ಹರಿದು ಅಂಚಿನವರೆಗೆ ಬಂತು.

“ಅಯ್ಯೋ ನನ್ ಶಿವನೇ!” ಎಂದು ಶಕುಂತಲಮ್ಮ ಸೆರಗಿನಿಂದ ಒರೆಸಲು ಬಾಗಿದಳು. ಜಯಲಕ್ಷ್ಮಮ್ಮ ನೀರಿನ ಕೊಡ ಎತ್ತಿಕೊಂಡು ಓಡಿ ಬಂದಳು. ಒಂದು ಹನಿ ಎಣ್ಣೆ ಬಿದ್ದರೆ ಹಾರಾಡುವ ಮನುಷ್ಯನ ಬಾಯಿಂದ ಈಗ ಏನು ಬರುತ್ತದೋ ಎಂದು ಎಲ್ಲರೂ ಬೆನಕಪ್ಪನವರತ್ತ ನೋಡಿದರು.

ಬೆನಕಪ್ಪ ಅಳುತ್ತಿದ್ದರು. ಮರೆಮಾಡಿಕೊಳ್ಳಲೂ ಇಲ್ಲ. ಅವರು ಬಂದು ಇಬ್ಬರು ಹೆಂಗಸರ ಕೈಯನ್ನೂ ತಡೆದರು.

“ಒರೆಸ್ಬ್ಯಾಡ್ರವ್ವ. ಯಾರೂ ನೀರ್ ಹಾಕ್ಬ್ಯಾಡಿ. ಇದೊಂದು ಅವಳ್ಗೆ ಸಿಕ್ಕಿರ್ಲಿಲ್ಲ.”

ಮೇಸ್ತ್ರಿ ದಾರ ಸುತ್ತಿಕೊಂಡ. ಬಿಸಿಲಿಗೆ ಕಟ್ಟೆ ತಾನಾಗಿ ಆರುವವರೆಗೂ ಬೆನಕಪ್ಪ ಹೆಂಡತಿಯ ಪಕ್ಕದಲ್ಲೇ ಕೂತಿದ್ದರು.