ಮಡಿಲಿಗೆ ಬಿದ್ದ ಸೂರ್ಯರು

ಗ್ರಹಣದ ದಿನ ಹೊಸ್ತಿಲು ದಾಟಬಾರದು ಎಂದು ಚಂದ್ರಪ್ರಭಾ ಎಷ್ಟು ಹೇಳಿದರೂ ಇಂಗ್ಲೆಂಡಿನ ಸೊಲಿಹಲ್‌ನ ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ತಮ್ಮ ಉಮಾಶಂಕರ ಅಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ೧೯೯೯ರ ಆಗಸ್ಟಿನ ಆ ಬುಧವಾರಕ್ಕೆಂದೇ ರಜೆ ಹಾಕಿದ್ದ. ಬೇಸಿಗೆಯ ಮೊದಲಲ್ಲಿ ಕೊಂಡ ದೋಣಿಯೊಂದು ಗರಾಜಿನ ಮುಂದೆ ಇನ್ನೂ ನೀರು ಕಾಣದೆ ನಿಂತಿತ್ತು. ದೋಣಿಯೂ ಇಳಿಯಲಿ, ಗ್ರಹಣವೂ ಕಾಣಲಿ ಅನ್ನುವುದು ಅವನ ಆಸೆ.

"ಗ್ರಹಣದಾಗ ಯಾರರೆ ಹೊಸಾ ದೋಣಿ ಇಳಸ್ತಾರೇನೋ?" ಎಂದು ಚಂದ್ರಪ್ರಭಾ ಕೇಳಿದಳು.

"ಹೊಸಾದಲ್ಲ ಅಕ್ಕಾ, ಸೆಕೆಂಡ್ ಹ್ಯಾಂಡು. ನಡೀತದ."

ಹುಬ್ಬಳ್ಳಿಯಿಂದ ಬಂದು ತಿಂಗಳಾಗಿದ್ದರೂ ಆ ಮನೆಯಲ್ಲಿ ಒಬ್ಬಳೇ ಇರಲು ಅವಳಿಗೆ ಧೈರ್ಯವಿರಲಿಲ್ಲ. ಕಾರಿನಲ್ಲಿ ಕಣ್ಣು ಮುಚ್ಚಿ ಜಪ ಮಾಡುತ್ತ ಕೂತಿರುತ್ತೇನೆ ಎಂಬ ಕರಾರಿನ ಮೇಲೆ ಹೊರಟಳು. ತಮ್ಮನ ಹೆಂಡತಿ ಹೇಮಲತಾ ಅವಳ ತಲೆಗೆ ಒಂದು ಹುಲ್ಲಿನ ಟೋಪಿ ಇಟ್ಟಳು.

ಕೆರೆಯ ದಂಡೆಯಲ್ಲಿ ಆಗಲೇ ಜಾತ್ರೆ ನೆರೆದಿತ್ತು. ಜನರೆಲ್ಲ ರಟ್ಟಿನ ಕನ್ನಡಕ ಹಿಡಿದು, ತೆಳುಮೋಡದ ಕಡೆ ಮುಖ ಮಾಡಿ ನಿಂತಿದ್ದರು. ದೋಣಿ ಇಳಿಸುವ ಕಾಂಕ್ರೀಟಿನ ಇಳಿಜಾರು ನೀರಿನೊಳಗೇ ಹೋಗಿ ಮರೆಯಾಗುತ್ತಿತ್ತು. ಅದರ ತುಂಬ ಪಾಚಿ.

"ಗಾಡಿ ರಿವರ್ಸ್ ತಗೊಳ್ಳೋವಾಗ ಒಳಗೆ ಕೂರೋದು ಬೇಡ ಅಕ್ಕಾ, ಇಳೀರಿ," ಎಂದಳು ಹೇಮಲತಾ.

ಇಳಿದ ಚಂದ್ರಪ್ರಭಾಳ ಚಪ್ಪಲಿ ಮೊದಲ ಹೆಜ್ಜೆಗೇ ಸುಂಯ್ಯೆಂದು ಜಾರಿತು. ಆಗ ಉಮಾಶಂಕರನಿಗೆ ಹೊಳೆದದ್ದೇ ಉಪಾಯ. "ಅಕ್ಕಾ, ನೀ ದೋಣ್ಯಾಗನ ಕೂತ್ಬಿಡು. ನಾ ಹಗೂರಕ ಹಿಂದ ತಗೋತೀನಿ. ನಿನ್ನ ಕಾಲು ಸೈತ ತೋಯಂಗಿಲ್ಲ."

ಅವಳ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು, ಕಾರಿನ ಹಿಂದೆ ಕಟ್ಟಿದ್ದ ಟ್ರೇಲರಿನ ಮೇಲಿದ್ದ ದೋಣಿಗೆ ಹತ್ತಿಸಿದರು. ಬೆಳಕು ಆಗಲೇ ಮಂಕಾಗುತ್ತಿತ್ತು. ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸೆರಗನ್ನು ಮುಖದ ಮೇಲೆಳೆದು, ಕಣ್ಣು ಮುಚ್ಚಿದಳು. ಉಮಾಶಂಕರ ದೋಣಿಯ ಪಟ್ಟಿ ಬಿಚ್ಚಿದ. ಕಾರನ್ನು ಹಿಂದಕ್ಕೆ ತಂದ. ಟ್ರೇಲರ್ ನೀರಿಗಿಳಿಯಿತು. ಅವನು ಕಾರಿನಿಂದಿಳಿದು ಇನ್ನು ಹಗ್ಗ ಕಟ್ಟಬೇಕು ಅನ್ನುವಷ್ಟರಲ್ಲಿ ಮೋಡ ಸರಿಯಿತು, ದಂಡೆಯ ಜನ "ಓ!" ಎಂದು ಉದ್ಗರಿಸಿದರು. ಅವನೂ ಹಗ್ಗ ಬಿಟ್ಟು, ಕನ್ನಡಕ ಏರಿಸಿ ಮೇಲೆ ನೋಡಿದ. ಹೇಮಲತಾಳೂ ನೋಡಿದಳು. ದೋಣಿ ಟ್ರೇಲರಿನಿಂದ ಮೆಲ್ಲಗೆ ಜಾರಿ, ಒಂದಿಷ್ಟೂ ಸದ್ದು ಮಾಡದೆ, ಚಂದ್ರಪ್ರಭಾಳನ್ನು ಹೊತ್ತು ಹೊರಟುಹೋಯಿತು.

ಮೈಗೆ ಚಳಿ ಗಾಳಿ ತಾಗಿದಾಗ ಅವಳು ಸೆರಗು ಸರಿಸಿದಳು. ಎದುರಿಗೆ ತಮ್ಮನಿಲ್ಲ, ಕಾರಿಲ್ಲ. ಸುತ್ತ ನೀರೋ ನೀರು. ದಂಡೆ ಬೆನ್ನ ಹಿಂದೆ, ಕೂಗಿದರೂ ಕೇಳದಷ್ಟು ದೂರ. "ಉಮ್ಯಾ!" ಎಂದು ಕಿರುಚಿ, ಬೀಸಲೆಂದು ಟೋಪಿಯನ್ನು ಮೇಲಕ್ಕೆತ್ತಿದಳು.

ಎತ್ತಿದ ಕೈ ಅಲ್ಲೇ ನಿಂತಿತು.

ಅವಳ ಸೀರೆಯ ಮೇಲೆ ಸಣ್ಣ ಸಣ್ಣ ಬಿದಿಗೆ ಚಂದ್ರರು ಬಿದ್ದಿದ್ದರು. ಒಂದಲ್ಲ, ಹತ್ತಲ್ಲ, ಮಡಿಲು ತುಂಬುವಷ್ಟು. ಟೋಪಿಯ ಹೆಣಿಗೆಯ ಒಂದೊಂದು ತೂತಿನಿಂದಲೂ ಒಂದೊಂದು ಬೆಳಕಿನ ಕುಡುಗೋಲು ಇಳಿದಿತ್ತು. ಕೈ ಅಲುಗಿಸಿದರೆ ಎಲ್ಲವೂ ಒಟ್ಟಿಗೇ ಅಲುಗಿದವು. ಮೇಲೆ ನೋಡುವ ಎದೆಗಾರಿಕೆ ಅವಳಿಗಿರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಸೂರ್ಯನೇ ಅವಳ ಮಡಿಲಿಗೆ ಬಂದಿದ್ದ, ಸವೆದು ಸವೆದು ಇಷ್ಟೇ ಇಷ್ಟು ಉಳಿದಿದ್ದ.

ಹಗಲು ಬೆಳ್ಳಿಯ ಹಾಗಾಗಿತ್ತು. ಅದು ಸಂಜೆಯಲ್ಲ, ಬೆಳದಿಂಗಳೂ ಅಲ್ಲ. ಬಾತುಕೋಳಿಗಳ ಗಲಾಟೆ ನಿಂತಿತ್ತು. ಒಂದು ಹಂಸ ಕತ್ತನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡು, ಅವಳ ಪಕ್ಕದಲ್ಲೇ ತೇಲುತ್ತ ನಿದ್ದೆಗೆ ಇಳಿಯಿತು.

ಹತ್ತೊಂಬತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿಯೇ ಗ್ರಹಣಕ್ಕೆ ಸೂರ್ಯ ಪೂರ್ತಿ ಮರೆಯಾಗಿದ್ದ. ಅಂದು ಅವಳು ಕಿಟಕಿಗೆ ಚಾದರ ಬಡಿದು, ಬಾಗಿಲ ಸಂದಿಗೂ ಬಟ್ಟೆ ತುರುಕಿ, ದೇವರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹೊರಗೆ ಇದು ನಡೆದಿತ್ತೇ? ಇದಕ್ಕಿಂತಲೂ ಹೆಚ್ಚಿನದು? ಜಪ ಮಾಡಲು ನೋಡಿದಳು. ಶ್ಲೋಕದ ಮೊದಲ ಸಾಲು ಮಾತ್ರ ಬಾಯಿಗೆ ಬಂತು, ಮುಂದಿನದು ಬರಲಿಲ್ಲ. ಅವಳು ಕೈಮುಗಿಯಲೂ ಮರೆತಳು.

ಅಷ್ಟರಲ್ಲಿ ದಂಡೆಯಲ್ಲಿ ಬೊಬ್ಬೆ ಎದ್ದಿತು. ಅಕ್ಕನಿಲ್ಲದ ಟ್ರೇಲರನ್ನು ಕಂಡ ಉಮಾಶಂಕರ ಓಡಿದ್ದ. ಪಾಚಿಯ ಮೇಲೆ ಎರಡು ಹೆಜ್ಜೆ ಕಾಲಲ್ಲಿ ಹೋದ, ಮಿಕ್ಕದ್ದು ಕುಂಡೆಯ ಮೇಲೆ. ಕೆರೆ ಅವನನ್ನು ಕತ್ತಿನವರೆಗೂ ನುಂಗಿತು. ರಟ್ಟಿನ ಕನ್ನಡಕ ಮಾತ್ರ ಮೂಗಿನ ಮೇಲೆ ಗಟ್ಟಿಯಾಗಿ ಕೂತಿತ್ತು.

ಹತ್ತಿರದಲ್ಲಿ ಮೀನಿಗೆ ಗಾಳ ಹಾಕಿದ್ದ ಇಂಗ್ಲಿಷ್ ಮುದುಕನೊಬ್ಬ ತನ್ನ ದೋಣಿಗೆ ಹುಟ್ಟು ಹಾಕುತ್ತ ಅವಳ ಬಳಿ ಬಂದ. "ಆಲ್‌ರೈಟ್, ಲವ್?" ಎಂದು ಅಲ್ಲಿನವರ ವಾಡಿಕೆಯ ಸಲುಗೆಯಲ್ಲಿ ಕೇಳಿ, ಎಳೆದೊಯ್ಯಲು ಹಗ್ಗ ಚಾಚಿದ.

ಚಂದ್ರಪ್ರಭಾ ಹಗ್ಗ ಹಿಡಿಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಟೋಪಿಯನ್ನು ಅವನ ಕಡೆ ಚಾಚಿದಳು. ಅವನ ಒರಟು ಅಂಗೈ ತುಂಬ ಕುಡುಗೋಲುಗಳು ಬಿದ್ದವು. ಅವನು ಅಂಗೈ ನೋಡಿದ, ಅವಳ ಮುಖ ನೋಡಿದ, ಮತ್ತೆ ಅಂಗೈ ನೋಡಿದ. ಹುಟ್ಟನ್ನು ದೋಣಿಯೊಳಗೆ ಎಳೆದಿಟ್ಟುಕೊಂಡ. ಎರಡೂ ದೋಣಿಗಳು ಒಂದಕ್ಕೊಂದು ತಾಗಿ ತೇಲಿದವು. ಕುಡುಗೋಲುಗಳು ನಿಧಾನವಾಗಿ ದಪ್ಪಗಾದವು. ಹಂಸ ಕತ್ತೆತ್ತಿತು. ದೂರದ ಯಾವುದೋ ತೋಟದಲ್ಲಿ ಕೋಳಿಯೊಂದು ತಡವಾಗಿ ಕೂಗಿತು.

ಮುದುಕ ಎಳೆದು ತಂದ ದೋಣಿ ದಂಡೆ ಮುಟ್ಟಿದಾಗ ಉಮಾಶಂಕರ ಗಡಗಡ ನಡುಗುತ್ತ ನಿಂತಿದ್ದ. "ಅಕ್ಕಾ, ತಪ್ಪಾತು. ಹೆದರಿದೇನು?"

"ಹೆದರಿದ್ದೆ," ಎಂದಳು ಅವಳು. ಅವನ ತಲೆಯಿಂದ ಪಾಚಿ ತೆಗೆಯುತ್ತ, "ಗ್ರಹಣ ಬಿಡೂಕಿಂತ ಮೊದಲ ನಿಂದು ಸ್ನಾನ ಆತಲ್ಲೋ. ಇದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಮುಳುಗಬೇಕು ನೋಡು," ಎಂದಳು.

ಹೇಮಲತಾ ನಕ್ಕು, ಕಣ್ಣೊರೆಸಿಕೊಂಡು, "ಬನ್ನಿ ಅಕ್ಕಾ, ಮನೆಗೆ ಹೋಗೋಣ. ನೀವು ಬೆಳಗ್ಗೆಯಿಂದ ಏನೂ ತಿಂದಿಲ್ಲ," ಎಂದಳು.

"ಪೂರಾ ಬಿಡಲಿ ತಡಿ," ಎಂದಳು ಚಂದ್ರಪ್ರಭಾ. ಕಾರಿನ ಬಾಗಿಲು ತೆರೆದೇ ಇತ್ತು. ಅವಳು ಅದರ ಕಡೆ ತಿರುಗಲಿಲ್ಲ. ಲೈಫ್ ಜಾಕೆಟ್ಟನ್ನೂ ಬಿಚ್ಚದೆ ದಂಡೆಯ ಕಲ್ಲಿನ ಮೇಲೆ ಕೂತಳು, ನೀರು, ಆಕಾಶದ ಅಷ್ಟಗಲ ಬಯಲಿಗೆ ಮುಖ ಕೊಟ್ಟು.