ಎರಡು ಕಡೆಯಿಂದ ತೆರೆಯುವ ಜಿಪ್

ಭಾವನಿಗೆ ಮಳೆ ಪ್ಯಾಂಟು ಕೊಡಿಸುವ ಕೆಲಸ ನನ್ನ ಹೆಗಲಿಗೆ ಬಿದ್ದದ್ದು ಅಕ್ಕನ ಅಡುಗೆಮನೆಯಲ್ಲಿ. ಅವಳು ಪಾತ್ರೆ ತೊಳೆಯುವ ನಲ್ಲಿಯನ್ನು ಬೇಕೆಂದೇ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಮಾತನಾಡಿದಳು.

"ಗಾಳದ ಕೋಲುಗಳನ್ನೆಲ್ಲ ಬಂದು ತಗೊಂಡು ಹೋಗು ಅಂತ ಸೈಲೆನ್ಸರ್‌ಗೆ ಫೋನ್ ಮಾಡಿದಾರೆ ಕಣೋ. ಭಾನುವಾರ ಬರ್ತಾನಂತೆ."

ಸೈಲೆನ್ಸರ್ ಎಂದರೆ ಭಾವ ವೆಲ್ಡರ್ ಆಗಿರುವ ಬಸ್ ಡಿಪೋದ ಮೆಕ್ಯಾನಿಕ್. ಅವನ ಗಂಟಲು ಅಷ್ಟು ದೊಡ್ಡದು. ಹೆಸರಿಟ್ಟವರು ತಮಾಷೆಗೆ ಇಟ್ಟದ್ದು.

"ಎಲ್ಲಾ ಕೋಲೂನಾ?"

"ಎಲ್ಲಾನೂ. ಕೇಳಿದ್ರೆ, ಮಳೇಲಿ ನೆನೆದು ಕೂರೋ ವಯಸ್ಸಲ್ಲ ಅಂತಾರೆ. ಮದುವೆ ಆದಾಗಿಂದ ಅವರ ಕೆಸರು ಬಟ್ಟೆ ಹಿಂಡಿದವಳು ನಾನು. ಈಗ ಇದ್ದಕ್ಕಿದ್ದಂಗೆ ವಯಸ್ಸು ನೆನಪಾಯ್ತಂತೆ." ತಟ್ಟೆಯೊಂದನ್ನು ಎರಡು ಸಲ ತೊಳೆದಳು. "ನೆನೆಯದ ಹಾಗೆ ಏನಾದ್ರೂ ಕೊಡಿಸು. ಆಗ ಯಾವ ನೆಪ ಹೇಳ್ತಾರೋ ನೋಡೋಣ."

ನಿಜವಾದ ಕಾರಣ ನಮ್ಮಿಬ್ಬರಿಗೂ ಗೊತ್ತಿತ್ತು. ಆಪರೇಷನ್ನಿನಲ್ಲಿ ಭಾವನ ಕರುಳಿನ ಒಂದಿಷ್ಟು ಭಾಗ ತೆಗೆದು, ಹೊಟ್ಟೆಯ ಬಲಗಡೆ ಒಂದು ಬಾಯಿ ಮಾಡಿ, ಅದಕ್ಕೆ ಚೀಲ ಅಂಟಿಸಿದ್ದರು. ಅದು ತುಂಬಿದಾಗಲೆಲ್ಲ ಖಾಲಿ ಮಾಡಬೇಕು. ಈ ವಿಷಯ ಡಿಪೋದಲ್ಲಿ ಯಾರಿಗೂ ತಿಳಿದಿರಲಿಲ್ಲ. ನನಗೂ ತಿಳಿದಿಲ್ಲ ಎಂದೇ ಭಾವ ನಂಬಿದ್ದರು. ಅವರು ಮನೆಗೆ ಬಂದ ವಾರವೇ ಅಕ್ಕ ಇದೇ ನಲ್ಲಿಯ ಸದ್ದಿನಲ್ಲಿ ನನಗೆ ಹೇಳಿದ್ದಳು. ಗೊತ್ತಿರುವ ಸುಳಿವು ಕೊಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು.

ಆಮೇಲೆ ನಾನು ಸಂಜೆ ಹೊತ್ತು ಹೋಗಿ ಭಾವನ ಪಕ್ಕ ಕೂರುತ್ತಿದ್ದೆ. ಎರಡು ಕುರ್ಚಿ, ಎದುರಿಗೆ ಗೋಡೆ. ಹೊಳೆಯ ದಡದಲ್ಲೂ ನಾವು ಮಾತನಾಡಿದವರಲ್ಲ. ಮೀನು ಓಡಿಹೋಗುತ್ತದೆ, ತುಟಿ ಹೊಲಿದುಕೋ ಎಂಬುದು ಭಾವನ ಕಾನೂನು. ಆದರೆ ಆ ಮೌನದಲ್ಲಿ ನೀರು ಹರಿಯುತ್ತಿತ್ತು. ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಒಂದೇ ಬೆಂಡನ್ನು ನಾವಿಬ್ಬರೂ ನೋಡುತ್ತಿದ್ದೆವು. ಗೋಡೆಯ ಮುಂದಿನ ಮೌನದಲ್ಲಿ ಒಬ್ಬೊಬ್ಬರೂ ಒಂದೊಂದು ವಿಷಯವನ್ನು ಮುಚ್ಚಿಟ್ಟುಕೊಂಡು ಕೂತಿರುತ್ತಿದ್ದೆವು.

ಅಂಗಡಿಗೆ ಭಾವ ಬಂದದ್ದೇ ಹೆಚ್ಚು. ಹಗ್ಗ, ಗಂಬೂಟು, ಹೆಲ್ಮೆಟ್ಟು, ರೇನ್‌ಕೋಟುಗಳನ್ನು ಚಾವಣಿಯವರೆಗೆ ತೂಗುಹಾಕಿದ್ದ ಉದ್ದನೆಯ ಕೋಣೆ ಅದು. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಹೆಂಗಸೊಬ್ಬಳು ಎದ್ದು ಬಂದಳು. ಮೀನು ಹಿಡಿಯುವಾಗ ಹಾಕಿಕೊಳ್ಳಲು ಭಾವನಿಗೆ ಮಳೆ ಪ್ಯಾಂಟು ಬೇಕೆಂದೆ.

"ದೋಣೀಲಿ ಹಿಡೀತೀರಾ, ದಡದಲ್ಲಾ?"

"ದಡದಲ್ಲಿ," ಎಂದೆ.

"ನಿಂತಾ, ಕೂತಾ?"

"ಕೂತು."

"ಹಾಗಾದ್ರೆ ಹಿಂದುಗಡೆ ಎರಡು ಪದರ ಇರೋದು ನೋಡಿ. ಮೇಲಿಂದ ಬೀಳೋ ಮಳೆ ಏನೂ ಮಾಡಲ್ಲ ಸರ್. ಒದ್ದೆ ಕಲ್ಲಿನ ಮೇಲೆ ಕೂತಾಗ ನಮ್ಮ ಭಾರಕ್ಕೇ ನೀರು ಒತ್ತಿ ಒಳಗೆ ಬರತ್ತೆ."

ಹಿಂದೆಲ್ಲ ಭಾವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಸೊಂಟಕ್ಕೆ ಸುತ್ತಿ, ಮೇಲೆ ಬೆಲ್ಟು ಬಿಗಿದು ಕೂರುತ್ತಿದ್ದರು. ಈಗ ಅವರು ಬೆಲ್ಟನ್ನೇ ಕಟ್ಟುವುದಿಲ್ಲ. ಅಂಗಿಯನ್ನು ಸಡಿಲವಾಗಿ ಹೊರಗೆ ಬಿಟ್ಟಿರುತ್ತಾರೆ.

ಅವಳು ಮೊದಲು ತಂದದ್ದು ಸೊಂಟಕ್ಕೆ ಎಲಾಸ್ಟಿಕ್ ಇದ್ದ ಪ್ಯಾಂಟು.

"ಹಾಕಿ ನೋಡಿ ಸರ್."

"ಇವನು ಹಾಕ್ಕೊಳ್ಳಲಿ," ಎಂದರು ಭಾವ. "ನಮ್ಮಿಬ್ಬರದೂ ಒಂದೇ ಅಳತೆ."

ಹೋದ ವರ್ಷ ಈ ಮಾತು ಕೇಳಿದ್ದರೆ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಆಪರೇಷನ್ನಿನ ಮೇಲೆ ಭಾವ ಸೊರಗಿ, ಈಗ ಅದು ನಿಜವಾಗಿತ್ತು. ನಾನು ನನ್ನ ಬಟ್ಟೆಯ ಮೇಲೆಯೇ ಅದನ್ನು ಏರಿಸಿ ನಿಂತೆ.

"ಸೊಂಟದಲ್ಲಿ ಹಿಡಿಯತ್ತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ? ಏನ್ರೀ ಪದವೀಧರರೇ, ಸರಿಯಾಗಿ ಹೇಳಿ. ಬಗ್ಗು. ಮೀನನ್ನ ಬಲೆಗೆ ಎತ್ತೋ ಹಾಗೆ ಬಗ್ಗು."

ಬಗ್ಗಿದೆ. ಎಲಾಸ್ಟಿಕ್ ಹೊಕ್ಕುಳ ಕೆಳಗೆ ಕಚ್ಚಿ ಹಿಡಿಯಿತು. ಕತ್ತೆತ್ತಿದಾಗ ಭಾವನ ಅಂಗೈ ಅವರಿಗರಿವಿಲ್ಲದೆ ತಮ್ಮ ಅಂಗಿಯ ಬಲಗಡೆಗೆ ಹೋಗಿತ್ತು. ನಾನು ಹೆಲ್ಮೆಟ್ಟುಗಳನ್ನು ನೋಡಿದೆ.

"ಒತ್ತತ್ತೆ ಭಾವ."

"ಬೇಡ ಬಿಡು. ಎಲ್ಲಾ ಒಂದೇ. ನಡಿ ಹೋಗೋಣ."

"ಒತ್ತೋದು ಬೇಡ ಅಂದ್ರೆ ಬಿಬ್ ತಗೊಳ್ಳಿ," ಎಂದಳು ಅವಳು.

"ಬಿಬ್ಬಾ? ಕೂಸುಗಳಿಗೆ ಜೊಲ್ಲು ಸುರಿಯದ ಹಾಗೆ ಕಟ್ತಾರಲ್ಲ, ಅದಾ?"

"ಅದೇ ಸರ್, ದೊಡ್ಡ ಕೂಸುಗಳದ್ದು." ಅವಳು ನಗಲಿಲ್ಲ. ಎದೆಯವರೆಗೆ ಬರುವ, ಹೆಗಲಿಗೆ ಎರಡು ಪಟ್ಟಿ ಇರುವ ಪ್ಯಾಂಟೊಂದನ್ನು ಕೊಕ್ಕೆಯಿಂದ ಇಳಿಸಿದಳು. "ಭಾರ ಎಲ್ಲ ಹೆಗಲ ಮೇಲೆ. ಸೊಂಟಕ್ಕೆ ಏನೂ ತಾಗಲ್ಲ. ಬಗ್ಗಿದಾಗ ಬೆನ್ನಿಗೂ ನೀರು ಇಳಿಯಲ್ಲ."

ಅದನ್ನೂ ನಾನೇ ಹಾಕಿಕೊಂಡೆ.

"ಹೊಟ್ಟೆ ಹತ್ರ?" ಎಂದರು ಭಾವ.

"ಆರಾಮಾಗಿದೆ. ಒಳಗೆ ಒಂದು ದಿಂಬು ಇಟ್ಕೋಬಹುದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಭಾವ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ಆಮೇಲೆ ಹೆಗಲ ಪಟ್ಟಿಯನ್ನು ಎಳೆದು ಬಿಟ್ಟರು. ಅದು ನನ್ನ ಎದೆಗೆ ಪಟ್ಟೆಂದು ಬಡಿಯಿತು.

"ಇದರ ಮೇಲೆ ಕೋಟು ಬೇರೆ. ಅರ್ಜೆಂಟಾದ್ರೆ? ಕೋಟು ಬಿಚ್ಚಿ, ಪಟ್ಟಿ ಇಳಿಸಿ, ಸುರಿಯೋ ಮಳೇಲಿ ಬೆತ್ತಲೆ ಕುಣೀಬೇಕಾ?"

ತಮಾಷೆಯ ಧಾಟಿಯಲ್ಲಿಯೇ ಕೇಳಿದರು. ಆದರೆ ಉತ್ತರಕ್ಕಾಗಿ ಕಾದ ರೀತಿಯಲ್ಲಿ ತಮಾಷೆ ಇರಲಿಲ್ಲ. ಇದಕ್ಕೆ ಉತ್ತರ ಸಿಗದಿದ್ದರೆ ಭಾನುವಾರ ಕೋಲುಗಳು ಮನೆಯಿಂದ ಹೊರಡುತ್ತವೆ ಎಂದು ನನಗೆ ಖಾತ್ರಿಯಾಯಿತು.

ಅವಳು ಏಣಿ ಹತ್ತಿ ಇನ್ನೊಂದನ್ನು ತೆಗೆದಳು. ಅದರ ಜಿಪ್ ಎದೆಯಿಂದ ತೊಡೆಸಂದಿನವರೆಗೆ ಇತ್ತು. ಎಳೆಯುವ ಕೊಂಡಿಗಳು ಎರಡು. ಒಂದು ಮೇಲಿಂದ ಇಳಿಯುತ್ತದೆ, ಇನ್ನೊಂದು ಕೆಳಗಿನಿಂದ ಏರುತ್ತದೆ.

"ಕೆಳಗಿಂದ ಎಷ್ಟು ಬೇಕೋ ಅಷ್ಟೇ ತೆಗೀಬಹುದು. ಕೋಟೂ ಬಿಚ್ಚಬೇಕಾಗಿಲ್ಲ, ಪಟ್ಟೀನೂ ಇಳಿಸಬೇಕಾಗಿಲ್ಲ. ಜಿಪ್ಪಿನ ಮೇಲೆ ಮುಚ್ಚಿಗೆ ಇದೆ, ನೀರು ಬರಲ್ಲ."

ಭಾವ ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಹರಡಿದರು. ಬೆಸುಗೆಯ ಗೆರೆಯನ್ನು ಪರೀಕ್ಷಿಸುವಂತೆ ಹೆಬ್ಬೆರಳನ್ನು ಜಿಪ್ಪಿನ ಉದ್ದಕ್ಕೂ ಓಡಿಸಿದರು. ಕೆಳಗಿನ ಕೊಂಡಿಯನ್ನು ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ನಾನು ಕೈ ಚಾಚಿದೆ.

"ನೀನು ಬೇಡ," ಎಂದು ತಾವೇ ಎತ್ತಿಕೊಂಡು ಪರದೆಯ ಹಿಂದೆ ಹೋದರು.

ಜಿಪ್ ಏರಿಳಿಯುವ ಸದ್ದು ಎರಡು ಸಲ ಕೇಳಿಸಿ ನಿಂತಿತು. ಆಮೇಲೆ ಒಳಗಿನಿಂದ, "ಬಾ ಇಲ್ಲಿ."

"ನಾನಾ?"

"ಅಲ್ಲ, ಆ ಹೆಲ್ಮೆಟ್ಟು."

ಒಳಗೆ ಹೋದೆ. ಕೆಳಗಿನ ಕೊಂಡಿ ಅರ್ಧ ದಾರಿಯಲ್ಲಿ ಮುಚ್ಚಿಗೆಯ ಬಟ್ಟೆಯನ್ನು ಕಚ್ಚಿಕೊಂಡು ನಿಂತುಬಿಟ್ಟಿತ್ತು. ಅಂಗಿ ಮೇಲೆ ಸರಿದಿತ್ತು. ಚೀಲದ ಅಂಚು ಕಾಣುತ್ತಿತ್ತು. ಚರ್ಮದ ಬಣ್ಣದ್ದು, ಅಂಗೈಯಗಲ. ಭಾವನಿಗೆ ಬಗ್ಗಿ ನೋಡಲು ಆಗುತ್ತಿರಲಿಲ್ಲ. ನಾನು ಮಂಡಿಯೂರಿ, ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದೆ.

"ನಿಮ್ಮಕ್ಕ ಹೇಳಿದಾಳೆ," ಎಂದರು ಮೇಲಿನಿಂದ.

"ಹೂಂ."

"ಯಾವಾಗ?"

"ನೀವು ಮನೆಗೆ ಬಂದ ವಾರ."

ಕೊಂಡಿ ಒಂದಿಷ್ಟು ಸಡಿಲವಾಯಿತು.

"ಮತ್ತೆ ಇಷ್ಟು ದಿನ ಏನೂ ಗೊತ್ತಿಲ್ಲದವನ ಹಾಗೆ ಗೋಡೆ ನೋಡ್ಕೊಂಡು ಕೂತಿದ್ಯಲ್ಲೋ."

"ನೀವೇನು ನೋಡ್ತಿದ್ರಿ?"

"ಅದೇ ಗೋಡೆ," ಎಂದರು. ಅವರ ಹೊಟ್ಟೆ ಸಣ್ಣಗೆ ಅಲುಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು.

ಬಟ್ಟೆ ಬಿಟ್ಟುಕೊಂಡಿತು. ನಾನು ಏಳಲಿಲ್ಲ.

"ದಡದಲ್ಲಿ ಕೂತಿರೋವಾಗ ಇದು ತುಂಬಿದ್ರೆ ಏನೋ ಮಾಡೋದು? ಸೈಲೆನ್ಸರ್ ಇರ್ತಾನೆ. ಅವನಿಗೆ ಗೊತ್ತಾದ್ರೆ ಡಿಪೋಗೆಲ್ಲ ಡಂಗುರ."

"ಹಿಂದುಗಡೆ ಆ ದೊಡ್ಡ ಮರ ಇದೆಯಲ್ಲ."

"ಕೋಲು?"

"ನಾನು ಹಿಡ್ಕೋತೀನಿ."

"ನೀನಾ!" ಚೀಲದ ವಿಷಯ ಹೇಳುವಾಗ ಇಲ್ಲದಿದ್ದ ಗಾಬರಿ ಆ ದನಿಯಲ್ಲಿತ್ತು. ತಮ್ಮ ಕೋಲನ್ನು ಅವರು ಇದುವರೆಗೆ ಯಾರ ಕೈಗೂ ಕೊಟ್ಟವರಲ್ಲ.

ಹೊರಗೆ ಅವಳು ಒಂದು ಸ್ಟೂಲಿನ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ ಹಾಸಿ ಇಟ್ಟಿದ್ದಳು. ಭಾವ ಬಿಬ್ಬಿನಲ್ಲಿಯೇ ಬಂದು ಪೂರ್ತಿ ಭಾರ ಬಿಟ್ಟು ಅದರ ಮೇಲೆ ಕೂತರು. ಗೋಣಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕಿತು. ನಾವು ಮೂವರೂ ಕಾದೆವು. ಎದ್ದ ಮೇಲೆ ಅವರು ಕೈ ಒಳಗೆ ಹಾಕಿ, ಹಿಂದುಗಡೆ ತಡವಿ ನೋಡಿದರು.

"ನೆಂದಿಲ್ಲ," ಎಂದರು. "ಬೇರೆ ಬಣ್ಣ ಇಲ್ವಾ? ಇದು ಹಾಕ್ಕೊಂಡ್ರೆ ಕಪ್ಪೆ ಥರ ಕಾಣ್ತೀನಿ."

ಬೇರೆ ಬಣ್ಣ ಇರಲಿಲ್ಲ. ಕಪ್ಪೆ ಬಣ್ಣದ್ದನ್ನೇ ಕಟ್ಟಿಸಿಕೊಂಡೆವು.

ಭಾನುವಾರ ಕೋಲುಗಳನ್ನು ಒಯ್ಯಲು ಬಂದ ಸೈಲೆನ್ಸರ್, ಎದೆಯವರೆಗೆ ಹಸಿರಾಗಿ ಬಾಗಿಲಲ್ಲಿ ನಿಂತಿದ್ದ ಭಾವನನ್ನು ಕಂಡು ಬಾಯಿ ಬಿಟ್ಟ.

"ಕೋಲು ಕೊಡ್ತೀನಿ ಅಂದಿದ್ಯಲ್ಲೋ?"

"ಹೊರೋಕೆ ಕೊಡ್ತೀನಿ ಅಂದೆ. ಎತ್ಕೋ."

ಅಕ್ಕ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ನಲ್ಲಿ ಬಿಟ್ಟಿರಲಿಲ್ಲ.

ದಡದಲ್ಲಿ ಮಳೆ ಹಿಡಿದಿತ್ತು. ಭಾವ ತಮ್ಮ ಹಳೆಯ ಕಲ್ಲಿನ ಮೇಲೆ, ನಾನು ಪಕ್ಕದಲ್ಲಿ, ಸೈಲೆನ್ಸರ್ ಸ್ವಲ್ಪ ಕೆಳಗೆ. ಅಲ್ಲಿ ಅವನೂ ಕಾನೂನಿಗೆ ತಲೆಬಾಗಿ ಬಾಯಿ ಮುಚ್ಚಿಕೊಂಡಿರುತ್ತಾನೆ. ನೀರಿನ ಮೇಲೆ ಹನಿಗಳು ಬೀಳುವುದನ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಬಹಳ ಹೊತ್ತಿನ ಮೇಲೆ ಭಾವ ಎದ್ದರು. ಕೋಲಿನ ಹಿಡಿಯನ್ನು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿ, ಮರದ ಕಡೆಗೆ ನಡೆದರು.

ಬೆಂಡು ಮುಳುಗಿದ್ದು ಆಗಲೇ. ಕೋಲು ಬಿಲ್ಲಿನಂತೆ ಬಾಗಿತು. ನಾನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಹಿಂದಕ್ಕೆ ಎಳೆದೆ.

"ಎಳೀಬೇಡ್ವೋ!" ಮರದ ಹಿಂದಿನಿಂದ ಕೂಗು ಬಂತು. "ತುದಿ ಎತ್ತು! ತುದಿ!"

ದಡದುದ್ದಕ್ಕೂ ಗಾಳ ಹಾಕಿ ಕೂತಿದ್ದ ಬೇರೆಯವರ ಕೊಡೆಗಳು, ಟೋಪಿಗಳು ಇತ್ತ ತಿರುಗಿದವು.

"ಯಾರೋ ಅದು ಗಲಾಟೆ ಮಾಡೋದು?" ಎಂದ ಸೈಲೆನ್ಸರ್, ಜೀವನದಲ್ಲಿ ಮೊದಲ ಸಲ ಹಾಗೆ ಕೇಳುವ ಅವಕಾಶ ಸಿಕ್ಕ ಖುಷಿಯಲ್ಲಿ.

"ನಾನು ಕಣೋ!" ಮರದ ಹಿಂದಿನ ದನಿ ಒಂದು ಕ್ಷಣ ತಡೆಯಿತು. "ಚೀಲ ಖಾಲಿ ಮಾಡ್ತಿದೀನಿ!"

"ಯಾವ ಚೀಲ?"

"ಹೊಟ್ಟೇದು! ಆಮೇಲೆ ತೋರಿಸ್ತೀನಿ. ಮೊದ್ಲು ಬಲೆ ತಗೊಂಡು ಅವನ ಹತ್ರ ಓಡು, ನನ್ನ ಮೀನು ಕಳೀತಾನೆ ಅವನು!"

ಸೈಲೆನ್ಸರ್ ಮರುಮಾತಾಡದೆ ಬಲೆ ಎತ್ತಿಕೊಂಡು ಕೆಸರಿನಲ್ಲಿ ಓಡಿಬಂದ. ನಾನು ತುದಿ ಎತ್ತಿದೆ.