ಹೆಸರು ಕೇಳಿ ಕಟ್ಟಿದ ರುಮಾಲು

ಮಟಕಿ ಊರಲ್ಲಿ ಜನವರಿ ಇಪ್ಪತ್ತಾರರ ಸನ್ಮಾನ ಅಂದರೆ ರುಮಾಲು, ರುಮಾಲು ಅಂದರೆ ಹವಾಲ್ದಾರ ಹಣಮಂತರಾಯರ ಕೈ. ಅವರು ಫೌಜಿನಿಂದ ನಿವೃತ್ತರಾಗಿ ಬಂದಾಗಿನಿಂದ ಊರಿನ ಯಾವ ಸಿಪಾಯಿಯ ತಲೆಗೂ ಬೇರೆಯವರು ರುಮಾಲು ಸುತ್ತಿದ್ದಿಲ್ಲ. ಅಂಥ ಮನುಷ್ಯ ಈ ಸಲ, ಧ್ವಜ ಏರಿಸಲು ಇನ್ನೊಂದು ತಾಸಿದೆ ಎನ್ನುವಾಗ, ಪದಕದ ಕೋಟು ತೊಟ್ಟು ಮನೆಯ ಕಟ್ಟೆಯ ಮೇಲೆ ಕೂತು, "ನಾ ಕಟ್ಟಂಗಿಲ್ಲ" ಅಂತ ಹಟ ಹಿಡಿದುಬಿಟ್ಟರು!

ಕಾರಣ ಇಷ್ಟೇ. ಈ ವರ್ಷ ಆರಿಸಿದ್ದು ಸಿಪಾಯಿಗಳನ್ನಲ್ಲ. ಮಟಕಿಯ ಸಿದ್ದರಾಮೇಶ ಅಡುಗೆಯವನು, ಅವನ ಗೆಳೆಯ ಅಫಜಲಪುರದ ಆಫ್ತಾಬ ಲಾರಿ ಡ್ರೈವರ್. ಇಬ್ಬರೂ ಗುತ್ತಿಗೆ ಕಂಪನಿಯೊಂದರ ಮೂಲಕ ಇರಾಕಿನ ಸೇನಾ ಶಿಬಿರಕ್ಕೆ ದುಡಿಯಲು ಹೋಗಿದ್ದರು. ಅಲ್ಲಿ ರಾಕೆಟ್ ಬೀಳತೊಡಗಿದಾಗ ಎಲ್ಲರೂ ಬಂಕರು ಸೇರಿಕೊಂಡರು. ದೂರದ ಗೇಟಿನ ಕಾವಲಿನವರಿಗೆ ಅನ್ನ-ನೀರು ಮುಟ್ಟಲಿಲ್ಲ. ಯಾರೂ ಹೇಳದಿದ್ದರೂ ಇವರಿಬ್ಬರು ನೀರು, ಚಪಾತಿ ಲಾರಿಗೆ ಹೇರಿಕೊಂಡು ಹೋದರು. ಬರುವಾಗ ಗಾಯಗೊಂಡ ಇಬ್ಬರು ಸಿಪಾಯಿಗಳನ್ನೂ ಕರೆತಂದರು. ಕಂಪನಿ ಪದಕ ಕೊಟ್ಟಿತು, ಊರು ತನ್ನ ರುಮಾಲು ಕೊಡಲು ಹೊರಟಿತು.

"ಸೌಟು ಹಿಡಿದಾಂವಗ ಫೌಜಿಯ ರುಮಾಲೇನು?" ಹವಾಲ್ದಾರರು ಗುಡುಗಿದರು. "ಪಗಾರಕ್ಕ ಹೋಗಿದ್ರು. ಬಂದೂಕಾದ್ರೂ ಮುಟ್ಟ್ಯಾರೇನು?"

ಹೆಂಡತಿ ಸುಭದ್ರಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ಗಂಡನ ಸಿಟ್ಟಿಗೆ ಅವರು ಯಾವತ್ತೂ ಸೊಪ್ಪು ಹಾಕಿದವರಲ್ಲ. "ನೀವೇನು ಪಗಾರ ಬ್ಯಾಡಂತ ಹೇಳಿ ಹೋಗಿದ್ರೇನ್ರಿ?"

"ಯುದ್ಧ ನಿನಗೇನು ಗೊತ್ತು ಬೇ?"

"ಗೊತ್ತಿಲ್ದೇನು! ಪ್ರತಿ ವರ್ಷಾ ಹೇಳ್ತೀರಿ, ಬಾಯಿಪಾಠ ಆಗೇದ. ಹಿಮದ ಗುಡ್ಡ, ಹೊಟ್ಟಿಗಿ ಕೂಳಿಲ್ಲ, ಮ್ಯಾಲಿಂದ ಗುಂಡು. ಆಗ ಒಬ್ಬಾಂವ ಬೆನ್ನಿಗಿ ಪೂರಿ ಗಂಟು ಕಟ್ಕೊಂಡು ತೆವಳಿಕೋಂತ ಬಂದ. ಕಿವ್ಯಾಗ ರಕ್ತ ಸೋರಾಕತ್ತಿದ್ರೂ ನಕ್ಕೋಂತ ಹಂಚಿದ. ಹೌದಿಲ್ರಿ?"

"ಹೌದು. ಕಟಗಿ ಹಂಗ ಗಟ್ಟಿ ಆಗಿದ್ವು ಪೂರಿ. ಆದ್ರೂ ಹೋಳಿಗಿ ತುಪ್ಪ ಅದರ ಮುಂದ ಏನೂ ಅಲ್ಲ." ಹವಾಲ್ದಾರರ ದನಿ ತಾನಾಗಿ ಮೆತ್ತಗಾಯಿತು. ಆ ಪೂರಿಯ ಮಾತು ಬಂದರೆ ಅವರು ಯಾವಾಗಲೂ ಹಾಗೇ.

"ಅವನೂ ಫೌಜಿನಾಂವೇನ್ರಿ?"

"ಅಲ್ಲ. ಗುಡ್ಡದ ಕೆಳಗಿನ ಹಳ್ಳಿಯಾಂವ. ಕೂಲಿಗೆ ಸಾಮಾನು ಹೊರ್ತಿದ್ದ."

"ಹೆಸರೇನು?"

ಅವತ್ತು ಜೊತೆಗಿದ್ದ ಸಿಪಾಯಿಗಳ ಹೆಸರು, ಊರು, ಮಕ್ಕಳ ಹೆಸರು ಸಹ ಹವಾಲ್ದಾರರಿಗೆ ನೆನಪಿತ್ತು. ಈ ಹೆಸರನ್ನು ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ಅವರ ಎದೆ ಚುರುಕ್ಕೆಂದಿತು.

"ಕೇಳಲಿಲ್ಲ ಬೇ."

ಸುಭದ್ರಾಬಾಯಿ ಗೆದ್ದೆನೆಂದು ನಗಲಿಲ್ಲ. ಮೊರ ಕೆಳಗಿಟ್ಟು ಒಳಗಿನಿಂದ ಎರಡೂ ಜರಿ ರುಮಾಲು ತಂದು ಗಂಡನ ತೊಡೆಯ ಮೇಲಿಟ್ಟರು. "ಏಳ್ರಿ, ಹೊತ್ತಾಯ್ತು."

ಶಾಲೆಯ ಬಯಲಲ್ಲಿ ಗೆಳೆಯರಿಬ್ಬರೂ ಕುರ್ಚಿಯ ಅಂಚಿಗೆ ಕೂತಿದ್ದರು. ಹವಾಲ್ದಾರರ ಕೋಟು ಕಂಡದ್ದೇ ಗಡಬಡಿಸಿ ಎದ್ದರು. ಬೆಳಗಿನ ರಂಪಾಟದ ಸುದ್ದಿ ಅಷ್ಟರಲ್ಲಿ ಊರೆಲ್ಲ ತಿರುಗಿತ್ತು.

"ನಮಗ ಶಾಲು ಸಾಕ್ರಿ ಕಾಕಾ. ನಾವು ಫೌಜಿಯವ್ರಲ್ಲ" ಎಂದ ಸಿದ್ದರಾಮೇಶ.

"ಸುಮ್ಮ ಕೂಡ್ರಲೇ!"

ಗದರಿಸಿ ಹವಾಲ್ದಾರರು ಇಬ್ಬರಿಗೂ ರುಮಾಲು ಸುತ್ತಿದರು. ಆಫ್ತಾಬನ ತಲೆಯ ಎಣ್ಣೆಗೆ ರುಮಾಲು ಜಾರಿದಾಗ ಬೈದುಕೊಳ್ಳುತ್ತಲೇ ಮತ್ತೊಮ್ಮೆ ಬಿಗಿದರು. ಆಮೇಲೆ ಮೈಕು ಹಿಡಿದರು. ಇನ್ನು ಪೂರಿ ಕಥೆ ಶುರು ಅಂತ ಜನ ಕಾಲು ಮಡಚಿ ಆರಾಮಾಗಿ ಕೂತರು. ಹವಾಲ್ದಾರರು ಮಾತ್ರ ಗೆಳೆಯರತ್ತ ತಿರುಗಿ, "ಪೂರಾ ಹೆಸರು ಹೇಳ್ರಿ. ಹಿಂದ ಕೂತವ್ರಿಗೂ ಕೇಳಬೇಕು" ಎಂದರು.

"ಸಿದ್ದರಾಮೇಶ ರೇವಣಪ್ಪ."

"ಆಫ್ತಾಬ ಮಸೂದ."

ಆ ಎರಡು ಹೆಸರನ್ನು ಹವಾಲ್ದಾರರು ಪರೇಡಿನ ದನಿಯಲ್ಲಿ ಮತ್ತೆ ಕೂಗಿದರು. "ನನಗ ಪೂರಿ ತಂದಾಂವನ ಹೆಸರು ನನಗ ಗೊತ್ತಿಲ್ಲ. ಇವರದ್ದು ನಿಮಗೆಲ್ಲ ಗೊತ್ತಿರಲಿ" ಅಂದವರೇ ಮೈಕು ಕೊಟ್ಟು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಹವಾಲ್ದಾರರ ಮನಸ್ಸು ಹಗುರಾಗಿತ್ತು, ಆದರೂ ಒಂದು ಕಡೆ ಇನ್ನೂ ಚುಚ್ಚುತ್ತಿತ್ತು.

"ಆ ಗೇಟಿನವ್ರು ನಿಮ್ಮ ಹೆಸರು ಕೇಳಿದ್ರೇನಲೇ?" ಮೆಲ್ಲಗೆ ಕೇಳಿದರು.

"ಎಲ್ಲಿ ಕೇಳ್ತಾರ್ರಿ ಕಾಕಾ," ಆಫ್ತಾಬ ನಕ್ಕ, "ಬಾಯಿ ತುಂಬ ಚಪಾತಿ ಇತ್ತು. ಅದನ್ನ ನೋಡೇ ನಮ್ಮ ಹೊಟ್ಟಿ ತುಂಬಿತು."

ಹವಾಲ್ದಾರರು ನಗತೊಡಗಿದರು. ಎದೆಯ ಪದಕಗಳು ಗಲಗಲ ಅನ್ನುವಷ್ಟು ನಕ್ಕು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.